ಕ್ಷಯದ ದಂಡಾಣು ದೇಹದಲ್ಲಿ ಉಳಿಯುವ ಬಗೆ: ನೆಲಮಂಗಲ, ದೇವನಹಳ್ಳಿ, ಮಾಗಡಿ ಗ್ರಾಮಗಳ ಸಮೀಕ್ಷೆಯ ಹಿನ್ನೆಲೆಯಲ್ಲಿ

1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1961ರಿಂದ 1968ರವರೆಗೆ ನೆಲಮಂಗಲ, ದೇವನಹಳ್ಳಿ ಮತ್ತು ಮಾಗಡಿ ತಾಲ್ಲೂಕುಗಳ 119 ಗ್ರಾಮಗಳಲ್ಲಿ ದೀರ್ಘಾವಧಿಯ ಸಮೀಕ್ಷೆಯೊಂದನ್ನು ಕೈಗೊಂಡಿತು. ಮೊದಲೆರಡು ತಾಲ್ಲೂಕುಗಳು ಇಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿವೆ. ಅದೇ ಜನರನ್ನು ಐದು ವರ್ಷಗಳ ಅವಧಿಯಲ್ಲಿ ನಾಲ್ಕು ಬಾರಿ ಟ್ಯೂಬರ್‌ಕುಲಿನ್, ಕ್ಷಕಿರಣ ಮತ್ತು ಕಫ ಪರೀಕ್ಷೆಗಳಿಗೆ ಒಳಪಡಿಸಲಾಯಿತು. 1974ರಲ್ಲಿ ಪ್ರಕಟವಾದ ಇದರ ಫಲಿತಾಂಶಗಳು ಕ್ಷಯವು ತನ್ನಷ್ಟಕ್ಕೆ ಬಿಟ್ಟಾಗ ಹೇಗೆ ಮುಂದುವರಿಯುತ್ತದೆ ಎಂಬುದಕ್ಕೆ ಇಂದಿಗೂ ಮುಖ್ಯ ಆಧಾರವಾಗಿವೆ.

ಮೊದಲ ಸುತ್ತಿನಲ್ಲಿ ಕಫದಲ್ಲಿ ದಂಡಾಣು ಕಂಡುಬಂದು, ಕೊನೆಯವರೆಗೂ ಅನುಸರಿಸಲಾದವರು 126 ಮಂದಿ. ಐದು ವರ್ಷಗಳ ಕೊನೆಗೆ ಅವರಲ್ಲಿ ಶೇ. 49ರಷ್ಟು ಜನ ಮರಣ ಹೊಂದಿದ್ದರು. ಶೇ. 18ರಷ್ಟು ಜನರ ಕಫದಲ್ಲಿ ದಂಡಾಣು ಇನ್ನೂ ಇತ್ತು. ಉಳಿದ ಮೂರನೆಯ ಒಂದು ಭಾಗದವರ ಕಫದಲ್ಲಿ ಅದು ಕಾಣಲಿಲ್ಲ. ಸ್ಟ್ರೆಪ್ಟೊಮೈಸಿನ್ 1943ರಲ್ಲೇ ದೊರೆತಿತ್ತು; ಐಸೋನಿಯಾಜಿಡ್ 1952ರಿಂದ ಬಳಕೆಯಲ್ಲಿತ್ತು. ಆದರೂ ಸಂಘಟಿತ ಚಿಕಿತ್ಸಾ ವ್ಯವಸ್ಥೆ ಆ ಗ್ರಾಮಗಳಲ್ಲಿ ಇರಲಿಲ್ಲ. ಇಂಥ ಅಧ್ಯಯನ ಇಂದು ನಡೆಯಲಾರದು, ನಡೆಯಲೂಬಾರದು.

ಒಂದೇ ಜೀವಿಯಿಂದ ಮೂರು ಬಗೆಯ ಪರಿಣಾಮ ಏಕೆ? ಉತ್ತರವು ದಂಡಾಣು ಮತ್ತು ದೇಹದ ನಡುವಿನ ಸಂಬಂಧದಲ್ಲಿದೆ. ನ್ಯುಮೋನಿಯಾ ತರುವ ನ್ಯುಮೊಕಾಕಸ್ ತನ್ನ ಸುತ್ತಲಿನ ಲೋಳೆಯಂಥ ಕವಚದಿಂದಾಗಿ ಭಕ್ಷಕಕೋಶಗಳ ಬಾಯಿಗೆ ಸಿಗದೆ ತಪ್ಪಿಸಿಕೊಳ್ಳುತ್ತದೆ. ಕ್ಷಯದ ದಂಡಾಣುವಿನ ಮಾರ್ಗ ಇದಕ್ಕೆ ವಿರುದ್ಧವಾದುದು. ಕೆಮ್ಮಿನ ಸೂಕ್ಷ್ಮ ಹನಿಗಳ ಮೂಲಕ ಶ್ವಾಸಕೋಶದ ವಾಯುಕೋಶಗಳನ್ನು ತಲುಪಿದ ಅದು, ತನ್ನನ್ನು ನುಂಗಲು ಭಕ್ಷಕಕೋಶಕ್ಕೆ ಅವಕಾಶ ಕೊಟ್ಟು ಅದರೊಳಗೇ ನೆಲೆಸುತ್ತದೆ. ನುಂಗಿದ ಸೂಕ್ಷ್ಮಜೀವಿಯಿರುವ ಕೋಶಚೀಲವು ಜೀರ್ಣಕಿಣ್ವಗಳ ಚೀಲದೊಡನೆ ಕೂಡಿಕೊಂಡರೆ ಮಾತ್ರ ಆ ಜೀವಿ ನಾಶವಾಗುತ್ತದೆ. ಈ ಕೂಡಿಕೆಯನ್ನೇ ದಂಡಾಣು ತಡೆಯುತ್ತದೆ. ಮೈಕೋಲಿಕ್ ಆಮ್ಲಗಳಿಂದ ಕೂಡಿದ ಮೇಣದಂಥ ಕೋಶಭಿತ್ತಿಯೂ ಅದಕ್ಕೆ ರಕ್ಷಣೆ. ಅದರ ನಿಧಾನವೂ ಒಂದು ಬಲವೇ: ಕರುಳಿನ ಇ. ಕೋಲಿ ಅನುಕೂಲ ಪರಿಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಇಬ್ಭಾಗವಾದರೆ ಇದಕ್ಕೆ ಸುಮಾರು 20 ಗಂಟೆ ಬೇಕು.

ದೇಹವು ಸೋಂಕಿನ ಸುತ್ತ ರೋಗನಿರೋಧಕ ಕೋಶಗಳ ಗಂಟೊಂದನ್ನು ಕಟ್ಟುತ್ತದೆ. ಆಮ್ಲಜನಕ ಕಡಿಮೆಯಿರುವ ಅದರ ಒಡಲಲ್ಲಿ ದಂಡಾಣು ಬೆಳವಣಿಗೆಯನ್ನು ಬಹುಮಟ್ಟಿಗೆ ನಿಲ್ಲಿಸಿ ದಶಕಗಳ ಕಾಲ ಬದುಕಬಲ್ಲದು. ಆದುದರಿಂದ ಕಫದಲ್ಲಿ ದಂಡಾಣು ಕಾಣದಿದ್ದ ಮಾತ್ರಕ್ಕೆ ಅದು ದೇಹದಿಂದ ನಿರ್ಮೂಲವಾಯಿತೆಂದು ಹೇಳಲಾಗದು. ಅಪೌಷ್ಟಿಕತೆ, ಮಧುಮೇಹ, ಎಚ್‌ಐವಿ ಸೋಂಕು ಇಲ್ಲವೆ ವೃದ್ಧಾಪ್ಯದಿಂದ ನಿರೋಧಶಕ್ತಿ ಕುಂದಿದಾಗ ಗಂಟಿನ ಒಳಭಾಗ ಕರಗಿ ಶ್ವಾಸಕೋಶದಲ್ಲಿ ಕುಹರವಾಗುತ್ತದೆ. ಈ ಹಾನಿಯ ಬಹುಪಾಲು ದೇಹದ ಸ್ವಂತ ಪ್ರತಿಕ್ರಿಯೆಯಿಂದಲೇ ಆಗುತ್ತದೆಂಬುದು ವಿಚಿತ್ರವಾದರೂ ನಿಜ. ಗಾಳಿ ದೊರೆತ ಕುಹರದಲ್ಲಿ ದಂಡಾಣುಗಳು ವೃದ್ಧಿಸಿ, ಶ್ವಾಸನಾಳದ ಮೂಲಕ ಹೊರಬೀಳುತ್ತವೆ. ಐದು ವರ್ಷಗಳ ನಂತರವೂ ಕಫದಲ್ಲಿ ದಂಡಾಣುವಿದ್ದ ಆ ಶೇ. 18ರಷ್ಟು ಜನ ತಮ್ಮ ಮನೆ, ಕೇರಿಗಳಿಗೆ ಸೋಂಕನ್ನು ಹಂಚುವ ಸ್ಥಿತಿಯಲ್ಲೇ ಇದ್ದರು.

ಚಿಕಿತ್ಸೆ ಆರು ತಿಂಗಳು ಹಿಡಿಯುವುದಕ್ಕೂ ಇದೇ ಕಾರಣ. ಐಸೋನಿಯಾಜಿಡ್ ಮೈಕೋಲಿಕ್ ಆಮ್ಲದ ತಯಾರಿಕೆಯನ್ನು ತಡೆಯುವುದರಿಂದ ಬೆಳೆಯುತ್ತಿರುವ ದಂಡಾಣುಗಳು ಬೇಗ ಸಾಯುತ್ತವೆ. ಕೆಲವು ವಾರಗಳಲ್ಲೇ ಜ್ವರ ಇಳಿದು, ಕೆಮ್ಮು ತಗ್ಗಿ, ರೋಗಿಗೆ ಗುಣವಾದಂತೆ ತೋರುತ್ತದೆ. ಬೆಳವಣಿಗೆ ನಿಲ್ಲಿಸಿ ಕುಳಿತವು ಉಳಿದಿರುತ್ತವೆ. ಅವನ್ನು ನಾಶಮಾಡುವಲ್ಲಿ ರಿಫಾಂಪಿಸಿನ್ ಮುಖ್ಯವಾದುದಾದರೂ ಅದಕ್ಕೂ ತಿಂಗಳುಗಳು ಬೇಕು. ಕೂಲಿ ತಪ್ಪುತ್ತದೆಂದು ಎರಡು ತಿಂಗಳಿಗೇ ಮಾತ್ರೆ ಬಿಟ್ಟವರಲ್ಲಿ ರೋಗ ಮರುಕಳಿಸುವುದು ಹೀಗೆ ಉಳಿದ ದಂಡಾಣುಗಳಿಂದಲೇ.