ಮೂರು ಸೇನೆಗಳು ಮತ್ತು ತರುಣರ ಆಯ್ಕೆ

ದೇಶರಕ್ಷಣೆಯೆಂಬ ಕರ್ತವ್ಯವು ಒಂದೇ ಆದರೂ ಅದನ್ನು ನೆರವೇರಿಸುವ ಪಡೆಗಳು ಮೂರು: ಭೂಸೇನೆ, ನೌಕಾಸೇನೆ, ವಾಯುಸೇನೆ. ಇವುಗಳಲ್ಲಿ ಯಾವುದನ್ನು ಸೇರಬೇಕೆಂಬುದನ್ನು ಪದವಿಪೂರ್ವ ಶಿಕ್ಷಣ ಮುಗಿದ ಮೇಲೆ ಯೋಚಿಸಿದರಾಯಿತೆಂದು ತರುಣರು ಭಾವಿಸುವುದುಂಟು. ವಾಸ್ತವವಾಗಿ ಆ ನಿರ್ಧಾರದ ಬಹುಭಾಗವು ಹತ್ತನೆಯ ತರಗತಿಯ ಫಲಿತಾಂಶದ ಬೆನ್ನಲ್ಲೇ, ಕಾಲೇಜಿನ ಅರ್ಜಿಯಲ್ಲಿ ವಿಷಯಗಳನ್ನು ಬರೆಯುವಾಗಲೇ ಆಗಿಹೋಗುತ್ತದೆ.

ಅಧಿಕಾರಿಯಾಗಬಯಸುವವರಿಗೆ ಪುಣೆಯ ಬಳಿಯ ಖಡಕವಾಸಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯು ಹೆಬ್ಬಾಗಿಲು. ಅದರ ಭೂಸೇನಾ ವಿಭಾಗಕ್ಕೆ ಯಾವುದೇ ವಿಷಯಗಳಲ್ಲಿ ಹನ್ನೆರಡನೆಯ ತರಗತಿ ತೇರ್ಗಡೆಯಾದವರೂ ಅರ್ಹರು. ನೌಕಾ ಮತ್ತು ವಾಯು ವಿಭಾಗಗಳಿಗೆ ಮಾತ್ರ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳು ಅವಶ್ಯ. ಭೂಸೇನೆಗೆ ಗಣಿತ ಬೇಡವೆಂದು ಇದರಿಂದ ತಿಳಿಯಬಾರದು. ಪ್ರವೇಶ ಪರೀಕ್ಷೆಯ 900 ಅಂಕಗಳಲ್ಲಿ 300 ಅಂಕಗಳು ಗಣಿತಕ್ಕೇ ಮೀಸಲಾಗಿದ್ದು, ಅದು ಎಲ್ಲರಿಗೂ ಕಡ್ಡಾಯ. ಬಳಿಕ ನಡೆಯುವ ಸಂದರ್ಶನ ಮತ್ತು ವ್ಯಕ್ತಿತ್ವ ಪರೀಕ್ಷೆಗೂ 900 ಅಂಕಗಳುಂಟು. 2022ರಿಂದ ಈ ಅಕಾಡೆಮಿಯಲ್ಲಿ ಬಾಲಕಿಯರಿಗೂ ಪ್ರವೇಶ ದೊರೆಯುತ್ತಿದೆ. ಅವರ ಮೊದಲ ತಂಡವು 2025ರಲ್ಲಿ ಶಿಕ್ಷಣ ಪೂರೈಸಿ ಹೊರಬಂದಿತು.

ಸೈನಿಕರಾಗಿ ಸೇರುವವರ ದಾರಿ ಬೇರೆ. 2022ರಲ್ಲಿ ಜಾರಿಗೆ ಬಂದ ಅಗ್ನಿಪಥ ಯೋಜನೆಯಂತೆ ಸೇವೆಯ ಅವಧಿ ನಾಲ್ಕು ವರ್ಷ. ಆ ಬಳಿಕ ಶೇಕಡಾ 25ರವರೆಗಿನ ಅಗ್ನಿವೀರರನ್ನು ಮಾತ್ರ ಕಾಯಂ ಸೇವೆಗೆ ಆರಿಸಿಕೊಳ್ಳಲು ಯೋಜನೆಯಲ್ಲಿ ಅವಕಾಶ ಕಲ್ಪಿಸಲಾಯಿತು. ಉಳಿದವರಿಗೆ ಸೇವಾನಿಧಿಯ ಮೊತ್ತ ದೊರೆಯುತ್ತದೆ, ನಿವೃತ್ತಿವೇತನವಿಲ್ಲ. ಆದುದರಿಂದ ಐದನೆಯ ವರ್ಷದಲ್ಲಿ ಕೈಹಿಡಿಯುವ ವಿದ್ಯೆ ಯಾವುದೆಂಬುದನ್ನು ಮನೆಯ ಹಿರಿಯರೊಡನೆ ಕುಳಿತು ಮೊದಲೇ ಆಲೋಚಿಸುವುದು ವಿವೇಕ.

ಇನ್ನು ಮನೋಧರ್ಮದ ವಿಚಾರ. ಕಮಲಾಪುರದಿಂದ ಹುಮನಾಬಾದ್ ಮಾರ್ಗವಾಗಿ ಬೀದರಕ್ಕೆ ಹೋದರೆ ಅಲ್ಲಿ ಯುದ್ಧವಿಮಾನ ಚಾಲಕರನ್ನು ತರಬೇತುಗೊಳಿಸುವ ವಾಯುನೆಲೆಯಿದೆ. ವಿಮಾನವನ್ನು ಕಂಡ ಬಾಲಕನಿಗೆ ಚಾಲಕನಾಗುವ ಹಂಬಲ ಸಹಜ. ಆದರೆ ವಾಯುಸೇನೆಯಲ್ಲಿ ಹಾರುವವರಿಗಿಂತ ನೆಲದ ಮೇಲಿದ್ದು ಯಂತ್ರ, ರಾಡಾರ್, ಸಂಪರ್ಕ ಸಾಧನಗಳನ್ನು ನೋಡಿಕೊಳ್ಳುವವರೇ ಬಹುಸಂಖ್ಯಾತರು. ಹಾರುವ ಆಸೆ ಕೈಗೂಡದಿದ್ದರೂ ಯಂತ್ರದ ಕೆಲಸದಲ್ಲಿ ಸಂತೋಷ ಕಾಣಬಲ್ಲವನಿಗೆ ವಾಯುಸೇನೆ ತಕ್ಕದ್ದು. ಕಡಲನ್ನೇ ಕಾಣದ ಈ ಬಯಲುನಾಡಿನ ಮಕ್ಕಳಿಗೆ ನೌಕಾಸೇನೆ ದೂರದ್ದೆನಿಸಬಹುದು. ಆದರೂ ಕಾರವಾರದ ಕದಂಬ ನೌಕಾನೆಲೆ ಕನ್ನಡ ನೆಲದಲ್ಲಿಯೇ ಇದೆ. ತಿಂಗಳುಗಟ್ಟಲೆ ಹಡಗಿನ ಇಕ್ಕಟ್ಟಿನಲ್ಲಿ ಸಹಬಾಳ್ವೆ ನಡೆಸಬಲ್ಲ ಸೈರಣೆ ಅಲ್ಲಿಯ ಮೊದಲ ಅರ್ಹತೆ. ಹಿಮ, ಮರಳು, ಕಾಡುಗಳಲ್ಲಿ ದೇಹವನ್ನು ದಂಡಿಸಬಲ್ಲವನಿಗೆ, ಜನರೊಡನೆ ಬೆರೆತು ಮುನ್ನಡೆಯಬಲ್ಲವನಿಗೆ ಭೂಸೇನೆ ಒಪ್ಪುತ್ತದೆ.

ಸಮವಸ್ತ್ರದ ಬಣ್ಣವನ್ನು ಕಂಡು ಮಾರುಹೋಗುವ ಮುನ್ನ ವಿದ್ಯಾರ್ಥಿಯು ತನ್ನ ಸ್ವಭಾವವನ್ನು ಅರಿಯಬೇಕು, ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು, ಗಣಿತವನ್ನು ಕೈಬಿಡದಿರಬೇಕು. ಹದಿನಾರರ ವಯಸ್ಸಿನಲ್ಲಿ ಗಣಿತವನ್ನು ಉಳಿಸಿಕೊಂಡವನಿಗೆ ಮೂರು ಬಾಗಿಲುಗಳೂ ತೆರೆದಿರುತ್ತವೆ; ಯಾವುದನ್ನು ಪ್ರವೇಶಿಸಬೇಕೆಂಬುದನ್ನು ಅವನು ಹದಿನೆಂಟರಲ್ಲಿ ನಿಶ್ಚಿಂತೆಯಿಂದ ತೀರ್ಮಾನಿಸಬಹುದು.