ಕ್ಲಿಪ್ ಹಾಕಿದ ಹಲ್ಲು ಸರಿಯುವ ಬಗೆ

ಓರೆಕೋರೆ ಹಲ್ಲುಗಳಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ ಮೊದಲ ಎರಡು ಮೂರು ದಿನ ಅಗಿಯುವುದೂ ಕಷ್ಟ. ಹಲ್ಲು ತುಸು ಅಲುಗಾಡಲೂಬಹುದು. ಗಾಬರಿ ಬೇಡ, ಹಲ್ಲು ಸರಿಯತೊಡಗಿದೆ ಎಂಬುದರ ಸೂಚನೆ ಅದು.

ಹಲ್ಲಿನ ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ತಂತುಪದರವಿದೆ. ಕ್ಲಿಪ್ಪಿನ ತಂತಿ ಹಲ್ಲನ್ನು ತಳ್ಳಿದಾಗ ಈ ಪದರ ಒಂದು ಬದಿಯಲ್ಲಿ ಅದುಮಲ್ಪಡುತ್ತದೆ, ಇನ್ನೊಂದು ಬದಿಯಲ್ಲಿ ಹಿಗ್ಗುತ್ತದೆ. ಅದುಮಿದ ಬದಿಯಲ್ಲಿ ಆಸ್ಟಿಯೋಕ್ಲಾಸ್ಟ್ ಕೋಶಗಳು ಮೂಳೆಯನ್ನು ಕರಗಿಸಿದರೆ, ಹಿಗ್ಗಿದ ಬದಿಯಲ್ಲಿ ಆಸ್ಟಿಯೋಬ್ಲಾಸ್ಟ್ ಕೋಶಗಳು ಹೊಸ ಮೂಳೆ ಕಟ್ಟುತ್ತವೆ. ಹೀಗೆ ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರಿನಷ್ಟು ಸರಿಯುತ್ತದೆ. ಬಲ ಹೆಚ್ಚಿಸಿದರೆ ಬೇಗ ಸರಿಯದು. ತಂತುಪದರದ ರಕ್ತಸಂಚಾರಕ್ಕೆ ತಡೆಯಾಗಿ ಚಲನೆ ಕುಂಠಿತವಾಗುತ್ತದೆ, ಬೇರೂ ಸವೆಯಬಹುದು. ಆದ್ದರಿಂದಲೇ 4ರಿಂದ 8 ವಾರಗಳಿಗೊಮ್ಮೆ ತಂತಿಯನ್ನು ಹೊಂದಿಸುತ್ತಾ, ಸಾಮಾನ್ಯವಾಗಿ ಒಂದೂವರೆ ಎರಡು ವರ್ಷ ಕಾಯಬೇಕು. ಈ ಅವಧಿಯಲ್ಲಿ ಕಬ್ಬು, ಚಕ್ಕುಲಿ ಕಚ್ಚಿದರೆ ಕ್ಲಿಪ್ ಕಳಚೀತು. ಸರಿಯಾಗಿ ಹಲ್ಲುಜ್ಜದಿದ್ದರೆ ಎನಾಮಲ್ ಮೇಲೆ ಬಿಳಿ ಕಲೆಗಳು ಮೂಡುತ್ತವೆ.

ಕ್ಲಿಪ್ ತೆಗೆದೊಡನೆ ಕೆಲಸ ಮುಗಿಯದು. ಹೊಸ ಮೂಳೆ ಗಟ್ಟಿಯಾಗಲು ತಿಂಗಳುಗಳೇ ಬೇಕು. ವಸಡಿನ ಎಳೆಗಳಂತೂ ಒಂದು ವರ್ಷದ ತನಕ ಹಲ್ಲನ್ನು ಹಳೆಯ ಜಾಗದತ್ತ ಎಳೆಯಬಲ್ಲವು. ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡಲು ದಂತವೈದ್ಯರು ಕೊಡುವ ರಿಟೇನರನ್ನು ಡಬ್ಬಿಯಲ್ಲಿಟ್ಟು ಮರೆತರೆ, ಎರಡು ವರ್ಷ ಸಹಿಸಿದ್ದು ವ್ಯರ್ಥವಾದೀತು.