ಮೊದಲು ಹೊಟ್ಟೆ ನೋಡುವ ಜನ

ಅಂಗೈಯಲ್ಲಿ ಕೂರುವಂಥ ಪುಟ್ಟ ವಿಮಾನವೊಂದನ್ನು ಯಾರ ಕೈಗಾದರೂ ಕೊಟ್ಟು ನೋಡಿ. ಮೊದಲು ಮೂಗು ನೋಡುತ್ತಾರೆ, ಆಮೇಲೆ ರೆಕ್ಕೆ, ಆಮೇಲೆ ಬಣ್ಣ. ಅದನ್ನೇ ಸ್ಕೇಲ್ ಮಾಡೆಲ್ ಕಟ್ಟುವವರ ಕೈಗೆ ಕೊಟ್ಟರೆ ಮೆಲ್ಲಗೆ ಮಗುಚಿ, ಬೆಳಕಿಗೆ ಹಿಡಿದು, ಹೊಟ್ಟೆ ನೋಡುತ್ತಾರೆ. ರೆಕ್ಕೆ ಮೈಗೆ ಕೂಡುವ ಜಾಗದಲ್ಲಿ ಸಂದಿ ಉಳಿದಿದೆಯೇ, ಎರಡು ಹೋಳು ಸೇರಿದ ಗೆರೆ ಪೂರ್ತಿ ಅಳಿಸಿದೆಯೇ, ಗಾಲಿಗಳು ನೆಟ್ಟಗಿವೆಯೇ. ಮೇಲ್ಗಡೆ ಎಲ್ಲರೂ ಚೆನ್ನಾಗಿಯೇ ಮಾಡಿರುತ್ತಾರೆ. ಕಟ್ಟಿದವನ ತಾಳ್ಮೆ ಎಲ್ಲಿಯವರೆಗೆ ಬಂತು ಅನ್ನುವುದು ಗೊತ್ತಾಗುವುದು ಕೆಳಗಡೆ.

ಇದು ನನಗೆ ತಿಳಿದದ್ದು ಇಂಗ್ಲೆಂಡಿನಲ್ಲಿ. ಕೆಲಸದ ಮೇಲೆ ಕೆಲವು ವರ್ಷ ಅಲ್ಲಿದ್ದಾಗ ಚಳಿಗಾಲದ ಉದ್ದನೆಯ ಸಂಜೆಗಳನ್ನು ಕಳೆಯಲು ಒಂದು ಪ್ಲಾಸ್ಟಿಕ್ ಕಿಟ್ ಕೊಂಡೆ. ಕಟ್ಟಿ ಮುಗಿಸಿದ ಮೇಲೆ ಯಾರಿಗಾದರೂ ತೋರಿಸಬೇಕು ಅನ್ನಿಸಿತು. ಊರಿನ ಸಮುದಾಯ ಭವನದಲ್ಲಿ ತಿಂಗಳಿಗೊಮ್ಮೆ ಮಾಡೆಲ್ ಕ್ಲಬ್ ಸೇರುತ್ತದೆ ಎಂದು ಗೊತ್ತಾಗಿ, ಶೂ ಡಬ್ಬದಲ್ಲಿ ವಿಮಾನ ಇಟ್ಟುಕೊಂಡು ಹೋದೆ. ಮಡಚುವ ಮೇಜುಗಳು, ಚಹಾ, ಬಿಸ್ಕತ್ತು, ಹದಿನೈದಿಪ್ಪತ್ತು ಜನ. ನಿವೃತ್ತ ಬಸ್ ಚಾಲಕರಿದ್ದರು, ಶಾಲಾ ಶಿಕ್ಷಕಿಯಿದ್ದರು, ಅಜ್ಜನ ಜೊತೆ ಬಂದ ಹುಡುಗನಿದ್ದ. ಒಂದು ಮೇಜಿನಲ್ಲಿ ಮುಗಿದ ಮಾಡೆಲ್‌ಗಳು, ಇನ್ನೊಂದರಲ್ಲಿ ಅರ್ಧಕ್ಕೆ ನಿಂತವು. ಜನ ಮುತ್ತಿಕೊಂಡಿದ್ದದ್ದು ಆ ಎರಡನೆಯ ಮೇಜಿಗೆ.

ಹಿರಿಯರೊಬ್ಬರು ನನ್ನನ್ನು ಕೇಳಿ ವಿಮಾನವನ್ನು ಎತ್ತಿಕೊಂಡರು, ಮಗುಚಿದರು, ರೆಕ್ಕೆಯ ಬುಡದ ಮೇಲೆ ಉಗುರು ಆಡಿಸಿದರು. ಪುಟ್ಟಿ ಪೂರ್ತಿ ಒಣಗುವ ಮೊದಲೇ ಉಜ್ಜಿದ್ದೀರಿ, ಅದಕ್ಕೇ ಅದು ಆಮೇಲೆ ಕುಗ್ಗಿ ಗೆರೆ ಮತ್ತೆ ಎದ್ದಿದೆ ಎಂದರು. ಒಂದು ರಾತ್ರಿ ಕಾಯಬೇಕಿತ್ತು, ಅಷ್ಟೆ. ಮುಂದಿನ ತಿಂಗಳು ನನಗೆಂದೇ ನಾಲ್ಕು ಬಗೆಯ ಎಮರಿ ಕಾಗದವನ್ನು ಐಸ್‌ಕ್ರೀಮ್ ಕಡ್ಡಿಗಳಿಗೆ ಅಂಟಿಸಿ ತಂದಿದ್ದರು. ಆ ಕಡ್ಡಿಗಳು ಈಗಲೂ ನನ್ನ ಮೇಜಿನ ಮೇಲಿವೆ.

ಈ ಕಸುಬನ್ನು ಕಾಣದವರಿಗೆ ಸ್ವಲ್ಪ ಹೇಳಬೇಕು. ಕಿಟ್ ಡಬ್ಬ ತೆರೆದರೆ ಕಾಣುವುದು ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಬಳ್ಳಿಗೆ ಅವರೆಕಾಯಿ ಜೋತುಬಿದ್ದಂತೆ ಅದರ ಕಡ್ಡಿಗಳಿಗೆ ಬಿಡಿಭಾಗಗಳು ತಗುಲಿಕೊಂಡಿರುತ್ತವೆ: ಅರ್ಧ ಮೈ, ಅರ್ಧ ರೆಕ್ಕೆ, ಪೈಲಟ್ಟಿನ ಕುರ್ಚಿ, ಸಾಸಿವೆಗಿಂತ ತುಸು ದೊಡ್ಡದಾದ ಗಾಲಿ. ಕರಗಿದ ಪಾಲಿಸ್ಟೈರೀನನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸಿದಾಗ ಅದು ಹರಿದ ಕಾಲುವೆಗಳೇ ಈ ಕಡ್ಡಿಗಳು. ಕಟ್ಟುವವರು ಇದನ್ನು ಸ್ಪ್ರೂ ಎನ್ನುತ್ತಾರೆ. ಚೂಪಾದ ಕಟ್ಟರಿನಲ್ಲಿ ಭಾಗವನ್ನು ಬಿಡಿಸಿ, ತೊಟ್ಟಿನ ಗುರುತು ಉಜ್ಜಿ, ಅಂಟು ಹಚ್ಚದೆಯೇ ಜೋಡಿಸಿ ನೋಡಿ, ಸರಿಬಿದ್ದ ಮೇಲೆ ಅಂಟಿಸಬೇಕು. ಅಂಟು ಅಂದೆನಾದರೂ ಅದು ಗೋಂದಿನ ಜಾತಿಯದಲ್ಲ. ನೀರಿನಷ್ಟು ತೆಳು. ಎರಡು ಭಾಗ ಸೇರಿಸಿ ಹಿಡಿದು ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ, ದೀಪದ ಬತ್ತಿಗೆ ಎಣ್ಣೆ ಏರುವಂತೆ ಅದು ಗೆರೆಯುದ್ದಕ್ಕೂ ತಾನೇ ಓಡುತ್ತದೆ, ಎರಡೂ ಅಂಚನ್ನು ಕರಗಿಸುತ್ತದೆ, ಆಮೇಲೆ ಆವಿಯಾಗಿ ಹೋಗುತ್ತದೆ. ಉಳಿಯುವುದು ಬೆಸೆದ ಒಂದೇ ತುಂಡು.

ಅಳತೆಯ ಲೆಕ್ಕ ಇದರ ಜೀವ. ವಿಮಾನದವರ ನೆಚ್ಚಿನ ಅಳತೆ 1/72. ಎಪ್ಪತ್ತೆರಡು ಎಲ್ಲಿಂದ ಬಂತು ಎಂದರೆ, ಆರು ಅಡಿಗೆ ಒಂದು ಅಂಗುಲ. ಆರಡಿ ಎತ್ತರದ ಮನುಷ್ಯ ಒಂದಂಗುಲದವನಾಗುತ್ತಾನೆ. 1936ರಲ್ಲಿ ಬ್ರಿಟನ್ನಿನ ಫ್ರಾಗ್ ಕಂಪನಿ ಪ್ಲಾಸ್ಟಿಕ್ಕಿನಲ್ಲಿ ಜೋಡಿಸುವ ಮಾದರಿಗಳನ್ನು ಮೊದಲು ಮಾರಿದ್ದು ಇದೇ ಅಳತೆಯಲ್ಲಿ. ಅದರ ಬೇರೆ ವಿಮಾನಗಳು ರಬ್ಬರ್ ಸುತ್ತಿ ಬಿಟ್ಟರೆ ಹಾರುತ್ತಿದ್ದವು, ಇವು ಹಾರದವು. ಹಾಗಾಗಿ ಇವಕ್ಕೆ ಪೆಂಗ್ವಿನ್ ಎಂದು ಹೆಸರಿಟ್ಟರು. ಎರಡನೇ ಮಹಾಯುದ್ಧದಲ್ಲಿ ಆಕಾಶದಲ್ಲಿ ಕಂಡ ವಿಮಾನ ನಮ್ಮದೋ ಶತ್ರುವಿನದೋ ಎಂದು ಗುರುತಿಸುವ ಪಾಠಕ್ಕೆ ಈ ಅಳತೆಯ ಮಾದರಿಗಳೇ ಬೇಕಾದವು. 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ 5 ಲಕ್ಷ ಮರದ ಮಾದರಿಗಳನ್ನು ಮಾಡಿಸಲು ಹೊರಟಿತು. ಒಂದು ವಸ್ತುವನ್ನು ಕೈಯಿಂದ ಮಾಡಿದವನ ಕಣ್ಣು ಅದನ್ನು ಮರೆಯುವುದಿಲ್ಲ ಎಂಬುದು ಆಗಲೇ ಗೊತ್ತಿತ್ತು.

ಯುದ್ಧ ಮುಗಿದ ಮೇಲೆ ಈ ಹವ್ಯಾಸ ಬಡವರ ಮನೆಯ ಮಕ್ಕಳ ಕೈಗೂ ಎಟುಕುವಂತೆ ಮಾಡಿದ್ದು ಏರ್‌ಫಿಕ್ಸ್. ಹಂಗೇರಿಯಿಂದ ಬಂದ ನಿಕೋಲಸ್ ಕೋವ್ 1939ರಲ್ಲಿ ಲಂಡನ್ನಿನಲ್ಲಿ ಈ ಕಂಪನಿ ಕಟ್ಟಿದಾಗ ಮಾಡುತ್ತಿದ್ದದ್ದು ಗಾಳಿ ತುಂಬುವ ರಬ್ಬರ್ ಆಟಿಕೆ. ಆಮೇಲೆ ಅಚ್ಚಿನ ಯಂತ್ರ ತರಿಸಿ ತಲೆ ಬಾಚುವ ಹಣಿಗೆ ಮಾಡಿದರು. 1949ರಲ್ಲಿ ಫರ್ಗ್ಯುಸನ್ ಟ್ರ್ಯಾಕ್ಟರ್ ಕಂಪನಿ ತನ್ನ ಮಾರಾಟಗಾರರಿಗೆ ಕೊಡಲು ಪುಟ್ಟ ಟ್ರ್ಯಾಕ್ಟರ್ ಮಾದರಿಗಳನ್ನು ಮಾಡಿಸಿಕೊಂಡಿತು. ಜೋಡಿಸುವ ಕೂಲಿ ಉಳಿಯಲೆಂದು ಅದನ್ನೇ ಬಿಡಿಭಾಗಗಳಾಗಿ ವುಲ್‌ವರ್ತ್ ಅಂಗಡಿಗಳಲ್ಲಿ ಮಾರಲಾಯಿತು. ಮುಂದೆ 1950ರ ದಶಕದಲ್ಲಿ ಗೋಲ್ಡನ್ ಹೈಂಡ್ ಹಡಗು ಬಂತು, ಬೆಲೆ ಎರಡು ಶಿಲಿಂಗ್. ಆ ಬೆಲೆಗೆ ರಟ್ಟಿನ ಡಬ್ಬ ಗಿಟ್ಟದೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮೇಲಿನ ಕಾಗದದ ಪಟ್ಟಿಯಲ್ಲೇ ಕಟ್ಟುವ ವಿಧಾನವನ್ನು ಮುದ್ರಿಸಿದರು. ಅದರ ಹಿಂದೆಯೇ ಸ್ಪಿಟ್‌ಫೈರ್ ಬಂದು, ಒಂದಿಡೀ ಪೀಳಿಗೆಯ ಹುಡುಗರ ಬೆರಳಿಗೆ ಅಂಟು ಹತ್ತಿಸಿತು.

ಜಪಾನಿನ ಕಥೆಯೂ ಹೀಗೇ ಬೇರೆ ಕಸುಬಿನಿಂದ ಹೊರಳಿ ಬಂದದ್ದು. ಶಿಜುವೊಕಾ ಊರಿನ ತಮಿಯಾ 1946ರಲ್ಲಿ ಶುರುವಾದದ್ದು ಮರ ಕೊಯ್ಯುವ ಮಿಲ್ಲಾಗಿ. ಮರದ ಮಾದರಿಗಳಿಂದ ಪ್ಲಾಸ್ಟಿಕ್ಕಿಗೆ ಬಂದು 1961ರಲ್ಲಿ ಪ್ಯಾಂಥರ್ ಟ್ಯಾಂಕ್ ಮಾಡಿದಾಗ, ಒಳಗೆ ಮೋಟರು ಮತ್ತು ಎರಡು ಬ್ಯಾಟರಿ ಹಿಡಿಸಬೇಕಿತ್ತು. ಅವು ಹಿಡಿಸುವಷ್ಟು ದೊಡ್ಡದು ಮಾಡಿ ಅಳೆದರೆ ಸುಮಾರು 1/35 ಆಯಿತು. ಇಂದು ಜಗತ್ತಿನ ಟ್ಯಾಂಕ್ ಮಾಡೆಲ್‌ಗಳೆಲ್ಲ ಬಹುಪಾಲು 1/35. ಪೋರ್ಷೆ ಕಾರಿನ ಮಾದರಿ ಮಾಡುವಾಗ ಕಂಪನಿಯ ಶುನ್ಸಾಕು ತಮಿಯಾ ನಿಜವಾದ ಪೋರ್ಷೆ 911 ಒಂದನ್ನೇ ಕೊಂಡು ಬಿಚ್ಚಿಸಿದ್ದರು. ಈ ಪ್ರಸಂಗ ನನಗೆ ಬಹಳ ಪ್ರೀತಿಯದು. ಆಟದ ಸಾಮಾನಿಗೆ ಇಷ್ಟೇಕೆ ಎಂದು ಕೇಳಬಹುದು. ಅದನ್ನು ಅವರು ಆಟದ ಸಾಮಾನು ಎಂದುಕೊಂಡಿರಲಿಲ್ಲ.

ಇಂಥ ಜನ ಒಬ್ಬೊಬ್ಬರೇ ಮನೆಯ ಮೂಲೆಯಲ್ಲಿ ಕೂತವರು. ಅವರನ್ನು ಒಂದು ಸೂರಿನಡಿ ತಂದದ್ದು 1963ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಪ್ಲಾಸ್ಟಿಕ್ ಮಾಡೆಲರ್ಸ್ ಸೊಸೈಟಿ, ಬಳಕೆಯಲ್ಲಿ ಐಪಿಎಂಎಸ್. ಮರುವರ್ಷ ಅಮೆರಿಕದಲ್ಲೂ ಆಯಿತು. ಆಮೇಲೆ ದೇಶದೇಶಗಳಲ್ಲಿ ಶಾಖೆಗಳಾದವು. ಊರಿಗೊಂದು ಕ್ಲಬ್ ಒಂದು ಬಗೆ. ಒಂದೇ ವಿಷಯದ ಬೆನ್ನುಹತ್ತಿದವರು ಊರಿನ ಹಂಗಿಲ್ಲದೆ ಕಟ್ಟಿಕೊಂಡ ಗುಂಪುಗಳು ಇನ್ನೊಂದು ಬಗೆ. ವರ್ಷಕ್ಕೊಮ್ಮೆ ಎಲ್ಲರೂ ಸೇರುವುದು ನವೆಂಬರ್‌ನಲ್ಲಿ, ಶ್ರಾಪ್‌ಶೈರ್ ಸೀಮೆಯ ಟೆಲ್ಫರ್ಡ್‌ನಲ್ಲಿ. ಸ್ಕೇಲ್ ಮಾಡೆಲ್‌ವರ್ಲ್ಡ್ ಎಂಬ ಆ ಸಂತೆಯಲ್ಲಿ ಎಷ್ಟು ನಡೆದರೂ ಮೇಜುಗಳು ಮುಗಿಯುವುದಿಲ್ಲ. ಸ್ಪರ್ಧೆಯ ಕೋಣೆಯಲ್ಲಿ ತೀರ್ಪುಗಾರರು ಪೆನ್ನಿನಂಥ ಟಾರ್ಚ್ ಹಿಡಿದು ಬಗ್ಗಿ ನೋಡುತ್ತಾರೆ. ಮೊದಲ ಪ್ರಶ್ನೆ ಕೈಕೆಲಸದ್ದು. ಸಂದಿ, ಸಮತೋಲ, ಡೆಕಾಲ್ ಇವು ಸರಿಯಿದ್ದರೆ ಮಾತ್ರ ಉಳಿದದ್ದಕ್ಕೆ ಬೆಲೆ.

ಡೆಕಾಲ್ ಎಂದರೆ ರೆಕ್ಕೆಯ ಮೇಲಿನ ಚಕ್ರ, ಬಾಲದ ಅಂಕಿ ಇವನ್ನು ಮುದ್ರಿಸಿದ ತೆಳು ಪೊರೆ. ಉಗುರುಬೆಚ್ಚನೆಯ ನೀರಿನಲ್ಲಿ ಅರೆನಿಮಿಷ ನೆನೆಸಿದರೆ ಕಾಗದದ ಮೇಲೆ ಜಾರತೊಡಗುತ್ತದೆ. ಕುಂಚದಿಂದ ತಳ್ಳಿ ಮೈಮೇಲೆ ಕೂರಿಸಿ, ಬಟ್ಟೆಯ ತುದಿಯಿಂದ ನೀರು ಹೀರಿಸಬೇಕು. ಕೆಳಗಿನ ಬಣ್ಣ ಒರಟಾಗಿದ್ದರೆ ಪೊರೆಯಡಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗುತ್ತದೆ. ಅದಕ್ಕೇ ಮೊದಲು ಹೊಳಪಿನ ವಾರ್ನಿಷ್, ಆಮೇಲೆ ಡೆಕಾಲ್, ಕೊನೆಗೆ ಹೊಳಪು ತಗ್ಗಿಸುವ ವಾರ್ನಿಷ್. ಕ್ಲಬ್ಬಿನಲ್ಲಿ ಕಲಿತ ಇನ್ನೊಂದು ಕೆಲಸ ನನಗೆ ಇವತ್ತಿಗೂ ಬೆರಗು. ಉಳಿದ ಸ್ಪ್ರೂ ಕಡ್ಡಿಯೊಂದನ್ನು ಮೋಂಬತ್ತಿಯ ಮೇಲೆ, ಉರಿಗೆ ತಾಗದಂತೆ, ತಿರುಗಿಸುತ್ತಾ ಹಿಡಿಯಬೇಕು. ನಡುವೆ ಮೆತ್ತಗಾಗಿ ಹೊಳೆಯತೊಡಗಿದ ಕ್ಷಣ ಆಚೆ ತೆಗೆದು ಎರಡೂ ಕೈಯಿಂದ ಎಳೆದರೆ, ತಲೆಗೂದಲಿನಂಥ ಎಳೆ ಬರುತ್ತದೆ. ನಿಧಾನ ಎಳೆದರೆ ದಪ್ಪ, ಜೋರಾಗಿ ಎಳೆದರೆ ಸಪೂರ. ವಿಮಾನದ ಆಂಟೆನಾ ತಂತಿಗೆ ಅದೇ. ಎಷ್ಟು ಓದಿದರೂ ಬಾರದ್ದು, ಪಕ್ಕದಲ್ಲಿ ಕೂತವರ ಕೈ ನೋಡಿದರೆ ಐದು ನಿಮಿಷದಲ್ಲಿ ಬರುತ್ತದೆ.

ಕ್ಲಬ್ಬಿನ ಮೇಜಿನ ಮೇಲೆ ನನಗೊಂದು ಸಂಜೆ ಕೆಂಪು ಬಣ್ಣದ ನ್ಯಾಟ್ ಕಂಡಿತು. 1965ರಿಂದ 1979ರವರೆಗೆ ಬ್ರಿಟನ್ನಿನ ರೆಡ್ ಆರೋಸ್ ತಂಡ ಹಾರಿಸಿದ ತರಬೇತಿ ವಿಮಾನ. ಇದು ನಮ್ಮ ಬೆಂಗಳೂರಿನಲ್ಲಿ ತಯಾರಾಗುತ್ತಿತ್ತು ಎಂದೆ. ಮೇಜಿನ ಸುತ್ತ ಇದ್ದವರೆಲ್ಲ ತಿರುಗಿದರು. ನಮ್ಮಲ್ಲಿ ಎಚ್‌ಎಎಲ್ ಪರವಾನಗಿ ಪಡೆದು ಮಾಡಿದ್ದು ಒಬ್ಬರೇ ಕೂರುವ ಯುದ್ಧವಿಮಾನ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್‌ಗಳನ್ನು ಕೆಡವಿ ಹೆಸರಾದದ್ದು, 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್‌ಜಿತ್ ಸಿಂಗ್ ಸೆಖೋಂ ಹಾರಿಸಿ ಪ್ರಾಣ ಕೊಟ್ಟದ್ದು ಅದೇ. ವಾಯುಪಡೆಗೆ ಸಂದ ಒಂದೇ ಪರಮವೀರ ಚಕ್ರ ಅವರದು. ಹಾಗಾದರೆ ಕಟ್ಟಿ ತನ್ನಿ ಎಂದರು. ಆ ಕೆಂಪು ಕಿಟ್ಟಿನಿಂದ ಆಗುವ ಮಾತಲ್ಲ ಅದು. ಇಬ್ಬರು ಕೂರುವ ನ್ಯಾಟಿನ ಮೈಯೂ ಉದ್ದ, ರೆಕ್ಕೆಯೂ ದೊಡ್ಡದು. ಚೆಕ್ ದೇಶದ ಸ್ಪೆಷಲ್ ಹಾಬಿ ಕಂಪನಿ 1/72ರಲ್ಲಿ ಒಬ್ಬರು ಕೂರುವ ನ್ಯಾಟನ್ನೂ ಅದನ್ನು ತಿದ್ದಿ ಎಚ್‌ಎಎಲ್ ಮಾಡಿದ ಅಜೀತನ್ನೂ ತಂದಿದೆ ಎಂದು ಹೇಳಿಕೊಟ್ಟವರೂ ಅವರೇ.

ಆ ನ್ಯಾಟ್ ಕಟ್ಟಲು ಮೂರು ತಿಂಗಳು ಹಿಡಿಯಿತು. ರೆಕ್ಕೆಯ ತುದಿಯಿಂದ ತುದಿಗೆ ನಾಲ್ಕಂಗುಲವೂ ಇಲ್ಲ. ಮೂಗಿನೊಳಗೆ ಮೀನು ಗಾಳಕ್ಕೆ ಕಟ್ಟುವ ಸೀಸದ ಗುಂಡು ತುಂಬಿದೆ. ಮೂರು ಗಾಲಿಯ ಇಂಥ ವಿಮಾನಕ್ಕೆ ಮುಂದೆ ತೂಕ ಇಲ್ಲದಿದ್ದರೆ ಬಾಲ ಊರಿ ಕೂತುಬಿಡುತ್ತದೆ, ಮೈ ಮುಚ್ಚಿದ ಮೇಲೆ ತಿದ್ದುವ ದಾರಿಯಿಲ್ಲ. ಈ ಸಲ ಪುಟ್ಟಿಯನ್ನು ಎರಡು ರಾತ್ರಿ ಒಣಗಲು ಬಿಟ್ಟೆ.

ಊರಿಗೆ ಮರಳುವಾಗ ಅದನ್ನು ಕೈಚೀಲದಲ್ಲೇ ತಂದೆ. ಅಮ್ಮ ಮೈಸೂರು ಪಾಕು ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದ್ದೆ. ಬಣ್ಣ, ಅಂಟು ಎಲ್ಲ ಕ್ಲಬ್ಬಿನ ಹುಡುಗನಿಗೆ ಕೊಟ್ಟುಬಂದೆ; ಬೆಂಕಿ ಹಿಡಿಯುವ ಪದಾರ್ಥವನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ಇಲ್ಲಿ ಅವನ್ನು ಹುಡುಕಿಕೊಳ್ಳುವುದು ಸುಲಭವಲ್ಲ, ಕಿಟ್‌ಗಳೂ ಹೊರಗಿನಿಂದಲೇ ಬರಬೇಕಾದ್ದರಿಂದ ಬೆಲೆ ಹೆಚ್ಚು. ನಮ್ಮಲ್ಲಿ ಎನ್‌ಸಿಸಿ ವಾಯುವಿಭಾಗದ ಮಕ್ಕಳಿಗೆ ಏರೋಮಾಡೆಲಿಂಗ್ ಕಲಿಸುತ್ತಾರೆ. ಮಾರುತ್‌ನಂಥ ಯುದ್ಧವಿಮಾನ ರೂಪುಗೊಂಡ ಊರು ನಮ್ಮ ಬೆಂಗಳೂರು. ಮಾರುತ್ ಇಂದಿಗೂ ಎಚ್‌ಎಎಲ್ ಪಾರಂಪರಿಕ ಕೇಂದ್ರದ ಅಂಗಳದಲ್ಲಿ ನಿಂತಿದೆ. ಅದನ್ನು ನೋಡಿ ಬಂದ ಮಗು ಮನೆಗೆ ಹೋಗಿ ಕಟ್ಟುವಂತಾಗಬೇಕು, ಕಟ್ಟಿದ್ದನ್ನು ತಂದು ಇಡಲು ತಿಂಗಳಿಗೊಂದು ಸಂಜೆ ಒಂದು ಮೇಜು ಇರಬೇಕು ಎಂಬುದು ನನ್ನ ಆಸೆ.

ನನ್ನ ಸೋದರಮಾವ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರ ಕೈಗೆ ಬಂದದ್ದು ನ್ಯಾಟ್. ನಾನು ಊರಿಗೆ ಬಂದ ಮರುದಿನವೇ ಅವರ ಮನೆಗೆ ಹೋಗಿ ಡಬ್ಬಿ ತೆರೆದೆ. ಕನ್ನಡಕ ಬದಲಿಸಿಕೊಂಡರು. ಎರಡೇ ಬೆರಳಲ್ಲಿ ಎತ್ತಿ, ಕಿಟಕಿಯ ಹತ್ತಿರ ಹೋಗಿ, ಮೊದಲು ಮಗುಚಿದರು.

"ಗಾಲಿ ಬಾಗಿಲು ಸರಿಯಾಗಿ ಮಾಡಿದ್ದೀಯ," ಎಂದರು. "ಇದಕ್ಕೆ ಬೇರೆ ಏರ್‌ಬ್ರೇಕ್ ಇಲ್ಲ, ಗೊತ್ತೇನೋ? ಗಾಳೀಲಿ ವೇಗ ತಗ್ಗಿಸೋಕೆ ಈ ಗಾಲೀನೇ ಅರ್ಧ ಇಳಿಸೋರು."

"ಗೊತ್ತಿರಲಿಲ್ಲ ಮಾವ."

"ಗೊತ್ತಿಲ್ಲದೇನೇ ಸರಿಯಾಗಿ ಮಾಡಿದ್ದೀಯ ಬಿಡು." ರೆಕ್ಕೆಯ ಬುಡದ ಮೇಲೆ ಅವರ ಉಗುರು ಹೋಗಿ ಬಂತು, ಎಲ್ಲೂ ತಡೆಯಲಿಲ್ಲ. ಆಮೇಲೆ ಊಟದ ಮೇಜಿನ ಮೇಲಿಟ್ಟು ಬಾಲವನ್ನು ಕಿರುಬೆರಳಿನಿಂದ ತುಸು ಒತ್ತಿ ಬಿಟ್ಟರು. ಮೂಗು ಮೇಲೆದ್ದು, ಮತ್ತೆ ಬಂದು ಮುಂಗಾಲಿಯ ಮೇಲೆ ಕೂತಿತು.

"ಸೀಸ ಹಾಕಿದ್ದೀಯ," ಎಂದರು ಮಾವ, ಇನ್ನೊಮ್ಮೆ ಒತ್ತುತ್ತಾ.